ಕೊಟ್ಟ ಪ್ರಶ್ನೆಗೆ ಕೊಟ್ಟ ಉತ್ತರ

ನೀಟ್ ಫಲಿತಾಂಶ ಬಂದ ದಿನ ನಾನು ಹೊಸನಗರದಲ್ಲಿ ಅಪ್ಪನ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಅಂಕ ನೋಡಿ ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದ, ತೆಗೆದು ಒರೆಸಿ ಇನ್ನೊಮ್ಮೆ ನೋಡಿದ.

"ನಂಬರ್ ತಪ್ಪು ಹೊಡ್ದಿದೀಯ. ಇದು ಬೇರೆ ಯಾರದ್ದೋ."

"ನಂದೇ. ಮೇಲೆ ಹೆಸರಿದೆ ನೋಡು."

ಡಾಕ್ಟರ್ ಸೀಟಿನ ಮಾತು ಹಾಗಿರಲಿ, ಆಯುರ್ವೇದದ ಸೀಟೂ ಸಿಗದಂಥ ಅಂಕ ಅದು. ಪಿಯುಸಿಯ ಎರಡೂ ವರ್ಷ ತೀರ್ಥಹಳ್ಳಿಯ ಕಾಲೇಜಿನಲ್ಲಿ ಟೆಸ್ಟು ಟೆಸ್ಟಿಗೂ ಕ್ಲಾಸಿಗೆ ಫಸ್ಟ್ ಬಂದವಳು ನಾನು. ಪೇರೆಂಟ್ಸ್ ಮೀಟಿಂಗಿನಲ್ಲಿ ಫಿಸಿಕ್ಸ್ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಇಂಥ ಮಗಳಿದ್ರೆ ನಿಮಗೆ ಚಿಂತೇನೇ ಇಲ್ಲ" ಎಂದಿದ್ದರು. ಆ ಮಾತನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಮಾತ್ರೆಯ ಜೊತೆ ಪುಕ್ಕಟೆಯಾಗಿ ಕೊಡುತ್ತಿದ್ದ.

ಮರುದಿನದಿಂದ ಸಮಾಧಾನ ಹೇಳುವವರು ಶುರುವಾದರು. ತಲೆನೋವಿನ ಮಾತ್ರೆಗೆ ಬಂದವರು ತಲೆನೋವು ಮರೆತು ನಿಂತುಬಿಡುತ್ತಿದ್ದರು. "ಪಾಪ, ಹುಡುಗಿ ಹೆದರಿರ್ಬೇಕು" ಎಂದರು ಒಬ್ಬರು. "ದೃಷ್ಟಿ ಆಗಿದ್ದು, ಬೇರೆಂತದ್ದೂ ಅಲ್ಲ" ಎಂದರು ಇನ್ನೊಬ್ಬರು. ಎದುರುಮನೆಯ ನಿವೃತ್ತ ಶಿರಸ್ತೇದಾರರು ಮಾತ್ರ ಕುರ್ಚಿ ಎಳೆದುಕೊಂಡು ಕೂತು, ಅಂಕವೇ ಜೀವನವಲ್ಲ ಎಂದು ಒಂದು ಭಾಷಣ ಮಾಡಿದರು. ಮುಗಿಸಿ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು, "ಅಂದಹಾಗೆ, ಎಷ್ಟು ಬಂತು?"

ಅಂಕ ಜೀವನವಲ್ಲದಿದ್ದರೆ ಅದನ್ನು ತಿಳಿದುಕೊಳ್ಳಲು ಇವರಿಗ್ಯಾಕೆ ಇಷ್ಟು ಹಪಹಪಿ? ಕೇಳಿದವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಸಂಖ್ಯೆ ಹೇಳಿದೆ. ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರವರೇ, ಯಾರ ಸಂಖ್ಯೆ ಸರಿ ಎಂದು ವಾದ ಮಾಡಿಕೊಂಡರಂತೆ. ಆ ವಾರದಲ್ಲಿ ನನಗೆ ಸಿಕ್ಕ ಸುಖ ಅದೊಂದೇ. ಇಲ್ಲ, ಇನ್ನೊಂದಿತ್ತು. ಅಮ್ಮ ಹರಕೆ ಹೊತ್ತು ನನ್ನನ್ನು ವರದಹಳ್ಳಿಯ ಆಶ್ರಮಕ್ಕೆ ಕರೆದುಕೊಂಡು ಹೋಗಿದ್ದಳು. ಊಟದ ಪಂಕ್ತಿಯಲ್ಲಿ ಅತ್ತಿತ್ತ ಕೂತವರು ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೊಟ್ಟೆ ತುಂಬ ಉಂಡೆ.

ಟಿ.ಸಿ. ತರಲು ತೀರ್ಥಹಳ್ಳಿಗೆ ಒಬ್ಬಳೇ ಹೋದೆ. ಕಾಲೇಜಿನ ಗೇಟಿಗೆ ನೀಟ್‌ನಲ್ಲಿ ಗೆದ್ದವರ ಹೊಸ ಫ್ಲೆಕ್ಸ್ ಕಟ್ಟಿದ್ದರು. ನಡುವೆ ಇದ್ದದ್ದು ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಹುಡುಗಿಯ ಮುಖ. ಕ್ಲಾಸ್ ಟೆಸ್ಟಿನಲ್ಲಿ ಅವಳು ನನಗಿಂತ ಎಷ್ಟೋ ಹಿಂದೆ. ಮೇಷ್ಟ್ರು ಕೊಟ್ಟ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು, ಯಾವುದೋ ಹಳೆ ಪುಸ್ತಕದ ಲೆಕ್ಕಗಳನ್ನು ತಾನೇ ಬಿಡಿಸುತ್ತ ಕೂರುತ್ತಿದ್ದಳು. ಅದಕ್ಕಾಗಿ ಮೇಷ್ಟ್ರು ಅವಳನ್ನು "ದೊಡ್ಡ ಪಂಡಿತೆ" ಎಂದು ಹಂಗಿಸಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಈಗ ಅದೇ ಮುಖದ ಕೆಳಗೆ "ನಮ್ಮ ಬೋಧನೆಯ ಫಲ" ಎಂದು ಬರೆದಿತ್ತು. ಬರೆಸಿದವರಿಗೆ ನಾಚಿಕೆ ಅನ್ನೋದು ಇದ್ದಂತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟ್ರು ಟೀ ಕುಡಿಯುತ್ತಿದ್ದರು. ನನ್ನನ್ನು ನೋಡಿ, "ಓವರ್ ಕಾನ್ಫಿಡೆನ್ಸ್ ಆಯ್ತು ನಿಂಗೆ" ಎಂದರು.

"ಸರ್, ಕ್ಲಾಸ್ ಟೆಸ್ಟಲ್ಲಿ ನಂಗೆ ಯಾವಾಗ್ಲೂ ಪೂರ್ತಿ ಮಾರ್ಕ್ಸ್ ಬರ್ತಿತ್ತಲ್ಲ. ಅದು ಹೇಗೆ?"

"ನಾನು ಕೊಟ್ಟ ಪ್ರಶ್ನೆಗಳನ್ನ ನೀನು ಚೆನ್ನಾಗಿ ಬಾಯಿಪಾಠ ಮಾಡ್ತಿದ್ದೆ. ಟೆಸ್ಟಿಗೆ ಅದೇ ಬರ್ತಿತ್ತು."

"ಕೊಡದೇ ಇರೋದನ್ನ ಯಾಕೆ ಕೇಳ್ಲಿಲ್ಲ ಸರ್?"

ಅವರು ಲೋಟ ಕೆಳಗಿಟ್ಟರು. "ಕೇಳಿದ್ರೆ ಎಲ್ರಿಗೂ ಕಡಿಮೆ ಬರತ್ತೆ. ಕಡಿಮೆ ಬಂದ್ರೆ ನಿಮ್ಮಪ್ಪ ಅಮ್ಮ ಇಲ್ಲಿ ಬಂದು ಗಲಾಟೆ ಮಾಡ್ತಾರೆ. ಮುಂದಿನ ವರ್ಷ ಯಾರಮ್ಮ ಸೇರ್ತಾರೆ?"

ಅವರು ಇಷ್ಟನ್ನೂ ಸಿಟ್ಟಿಲ್ಲದೆ, ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವಂತೆ ಹೇಳಿದರು. ಬಹುಶಃ ಎಲ್ಲರಿಗೂ ಗೊತ್ತೇ ಇತ್ತು. ಗೊತ್ತಿಲ್ಲದೆ ಇದ್ದದ್ದು ಕ್ಲಾಸಿಗೆ ಫಸ್ಟ್ ಬಂದ ನನಗೊಬ್ಬಳಿಗೆ. ಹೊಸನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹೇಳಿಕೊಟ್ಟಿದ್ದನ್ನು ಒಪ್ಪಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ ನನ್ನೊಳಗಿನ ಗಿಣಿಯನ್ನು ನೆನೆದು ಹೇಸಿಗೆಪಟ್ಟೆ. ಅಳು ಬರಲಿಲ್ಲ. ಅಳುವಷ್ಟು ಬೆಲೆಬಾಳುವ ಯಾವುದೂ ಅಲ್ಲಿ ಕಳೆದುಹೋಗಿರಲಿಲ್ಲ.

ಅಪ್ಪ ಮಂಗಳೂರಿನಲ್ಲಿ ಒಂದು ವರ್ಷದ ಕೋಚಿಂಗಿಗೆ ವಿಚಾರಿಸಿಟ್ಟಿದ್ದ. ನಾನು ಒಲ್ಲೆ ಎಂದೆ. ಸಾಗರದಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಬಿಎಸ್ಸಿ ಮಾಡುತ್ತೇನೆ ಎಂದೆ.

"ಬಿಎಸ್ಸಿ ಮಾಡಿ ಎಂತ ಮಾಡ್ತೀಯ?"

"ಮೊದ್ಲು ನಂಗೆ ಫಿಸಿಕ್ಸ್ ಬರತ್ತಾ ಅಂತ ನೋಡ್ತೀನಿ."

ಅಪ್ಪ ನನ್ನ ಹತ್ತಿರ ಮಾತು ಬಿಟ್ಟ.

ಅತ್ತೆ ಅಂದರೆ ಅಪ್ಪನ ತಂಗಿ, ಸಾಗರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್. ಮೇಷ್ಟ್ರ ಕಥೆ ಹೇಳಿದಾಗ ಅವಳೇನೂ ಬೆರಗಾಗಲಿಲ್ಲ. ಸೊಪ್ಪು ಬಿಡಿಸುತ್ತ, "ನಾನೂ ಪ್ರಶ್ನೆ ಹೇಳಿಯೇ ಟೆಸ್ಟ್ ಮಾಡೋದು ಮಾರಾಯ್ತಿ. ಇಲ್ದಿದ್ರೆ ಹೆಡ್ಮಾಸ್ಟ್ರು ನನ್ನ ಕರೆದು ಕೇಳ್ತಾರೆ" ಎಂದಳು. ಅವಳನ್ನೂ ತಿರಸ್ಕರಿಸಬೇಕಿತ್ತು, ಆಗಲಿಲ್ಲ. ಸಮಾಧಾನದ ಮಾತು ಆಡದವಳು ಅವಳೊಬ್ಬಳೇ.

ಕಾಲೇಜು ಮುಗಿಸಿ ಬಂದು ಅವಳ ಊಟದ ಮೇಜಿನ ಮೇಲೆ ಪಿಯುಸಿ ಫಿಸಿಕ್ಸನ್ನು ಮೊದಲಿನಿಂದ ತೆಗೆದೆ. ಉತ್ತರ ಕೊಡದ ಲೆಕ್ಕಗಳನ್ನೇ ಹುಡುಕಿ ಬಿಡಿಸಿದೆ, ಅಂದರೆ ಬಿಡಿಸಲು ಹೋಗಿ ಸೋತೆ. ಹಲವು ಸಂಜೆ ಒಂದೇ ಒಂದು ಲೆಕ್ಕವೂ ಮುಂದೆ ಹೋಗುತ್ತಿರಲಿಲ್ಲ. ಹೋದಾಗ ಅದನ್ನು ಯಾರಿಗೂ ತೋರಿಸಬೇಕು ಅನ್ನಿಸುತ್ತಿರಲಿಲ್ಲ. ಮೊದಲ ಇಂಟರ್ನಲ್ಸಿನಲ್ಲಿ ನನಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಂತು.

ಅದೇ ವಾರ ಅಪ್ಪ ಅಂಗಡಿಯ ಕೆಲಸಕ್ಕೆ ಸಾಗರಕ್ಕೆ ಬಂದವನು ಕಾಲೇಜಿನ ಹತ್ತಿರ ಬಂದು ನಿಂತಿದ್ದ. ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಹೇಳಿದ. ತಿಂದು ಕೈ ತೊಳೆದು ಬಂದ. ಆಮೇಲೆ ಅಂಕ ಕೇಳಿದ. ಈ ಸಲ ನಿಜವಾದ ಸಂಖ್ಯೆಯನ್ನೇ ಹೇಳಿದೆ.

"ಕಡಿಮೆ ಆಯ್ತಲ್ಲ?"

"ಕಡಿಮೆಯೇ."

ಅಪ್ಪ ಟೀ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸಿದ. "ಅಲ್ಲ, ಪಾಠ ಅರ್ಥ ಆಗ್ತಿದ್ಯಾ?"

ಬಾಲವಾಡಿಯಿಂದ ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಪ್ಪನೂ.

"ಕೆಲವು ಆಗತ್ತೆ" ಎಂದೆ.

"ಸರಿ ಹಾಗಾದ್ರೆ" ಎಂದು ಎದ್ದು ಹೊಸನಗರದ ಬಸ್ಸು ಹತ್ತಿದ.

ಈಗ ನಾನು ಎಂಎಸ್ಸಿ ಓದುತ್ತಿದ್ದೇನೆ. ಅಂಕ ಸಾಧಾರಣ, ಆದರೆ ನನ್ನವು. ಊರಿಗೆ ಹೋದರೆ ಶಿರಸ್ತೇದಾರರು ಈಗಲೂ "ಡಾಕ್ಟರ್ ಆಗಬೇಕಿತ್ತು ನೀನು, ಪಾಪ" ಎನ್ನುತ್ತಾರೆ. ಅವರ ಬಿಪಿ ಮಾತ್ರೆ ಕವರಿಗೆ ಹಾಕಿ, ಚಿಲ್ಲರೆ ಎಣಿಸಿ ಕೊಟ್ಟು, ಅವರ ಹಿಂದೆ ನಿಂತವರನ್ನು ಏನು ಬೇಕು ಎಂದು ಕೇಳುತ್ತೇನೆ.