ಗಿರಿಜಕ್ಕನ ಹನ್ನೊಂದು ಪೆಟ್ಟಿಗೆಗಳು

ಗಿರಿಜಕ್ಕ ಜೇನುಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಕಿವಿಯಾನಿಸಿ ನಿಲ್ಲುತ್ತಿದ್ದರು. ಒಳಗೆ ಬುಸ್ಸೆಂಬ ಸದ್ದೆದ್ದು ತಟ್ಟನೆ ಅಡಗಿದರೆ ಎಲ್ಲ ಸರಿಯಿದೆ ಎಂದರ್ಥ. ಸದ್ದು ನಿಲ್ಲದಿದ್ದರೆ ರಾಣಿ ಇಲ್ಲವೆಂದು. ನಾನು ನಕ್ಕರೆ, "ಬೇರೆಯೋರ್ ಮನಿಗ್ ಹೋಪತಿಗೆ ಹೊರ್ಗಿಂದ ಕೂಗುದಿಲ್ಯಾ ಹೆಣೆ? ಇದೂ ಹಾಂಗೇ" ಎನ್ನುತ್ತಿದ್ದರು.

ಕುಂದಾಪುರದ ಬಳಿಯ ನಾವುಂದದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗದ್ದೆ. ಸುತ್ತಲಿನ ಜೇನು ಸಾಕುವವರ ಸಂಘಕ್ಕೆ ಅವರೇ ಅಧ್ಯಕ್ಷರು. ಒಬ್ಬರ ಪೆಟ್ಟಿಗೆಯಿಂದ ಹಾರಿದ ಹಿಂಡು ಇನ್ನೊಬ್ಬರ ಮಾವಿನ ಮರದಲ್ಲಿ ಕೂತರೆ ಅದು ಯಾರದು, ಗೇರುತೋಟಕ್ಕೆ ಔಷಧ ಹೊಡೆಯುವವರು ಮೊದಲೇ ಹೇಳಬೇಕೇ ಬೇಡವೇ, ಹೀಗೆ ಸಭೆಯಲ್ಲಿ ಜಗಳಕ್ಕೆ ಕೊರತೆಯಿರಲಿಲ್ಲ. ಗಿರಿಜಕ್ಕ ಎಲ್ಲರನ್ನೂ ಕೂಗಾಡಲು ಬಿಟ್ಟು, ಚಹಾ ತಣಿಯಿತೆಂದು ಗದರಿ ಮುಗಿಸುತ್ತಿದ್ದರು. ಹೊಸದಾಗಿ ಸೇರಿದವರಿಗೆ, ಪೆಟ್ಟಿಗೆ ಸೊರಗಿದವರಿಗೆ ತಮ್ಮ ಪೆಟ್ಟಿಗೆಯಿಂದ ಮರಿ ತುಂಬಿದ ಒಂದು ಎರಿ, ಅಂದರೆ ಮೇಣದ ಹಲ್ಲೆ, ಕೊಡುವುದು ಅವರು ಹಾಕಿಕೊಟ್ಟ ಪದ್ಧತಿ. ಒದ್ದೆ ಬಟ್ಟೆ ಹೊದಿಸಿ, ಎಳೆಗೂಸನ್ನು ಕೈಗೆ ಹಾಕುವಂತೆ ಕೊಡುತ್ತಿದ್ದರು. ನನ್ನ ಎರಡು ಪೆಟ್ಟಿಗೆಗಳಿಗೆ ಬಲ ಬಂದದ್ದು ಆ ಎರಿಗಳಿಂದಲೇ.

ಕಳೆದ ಬೇಸಿಗೆಯಲ್ಲಿ ಎಲ್ಲರ ಪೆಟ್ಟಿಗೆಗಳಲ್ಲೂ ಮರಿಗಳು ಸಾಯತೊಡಗಿದವು. ರೆಕ್ಕೆ ಮೂಡುವ ಮೊದಲೇ ನೀರು ತುಂಬಿದ ಚೀಲದಂತಾಗಿ ಸಾಯುವ ರೋಗ. ಅದೇ ಹೊತ್ತಿಗೆ ಸಂಘದ ಶಂಕರಣ್ಣ, ರಬ್ಬರ್ ತೋಟಗಳ ಜೇನಿಗೆಂದು ಘಟ್ಟದ ಬುಡಕ್ಕೆ ಒಯ್ದಿದ್ದ ತಮ್ಮ ಪೆಟ್ಟಿಗೆಗಳನ್ನು ವಾಪಸು ತಂದಿದ್ದರು. ರೋಗ ತಂದವರು ಅವರೇ ಎಂದಾಯಿತು. ಅವರ ಪೆಟ್ಟಿಗೆಗಳನ್ನು ಸುಡಿಸಿ ಸಂಘದಿಂದ ತೆಗೆಯಬೇಕೆಂದು ಆದಿತ್ಯವಾರ ಸಭೆ ಸೇರಿತು. ಜೇನು ಬಿಟ್ಟರೆ ಶಂಕರಣ್ಣನಿಗೆ ಬೇರೆ ಕಸುಬಿಲ್ಲ. ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದರು. "ಜೇನ್ ಒಂದ್ ದಿನ ಹಂಚಲಿಲ್ಲೆ ಮಾರಾಯ, ಸೀಕ್ ಮಾತ್ರ ಲಾಯ್ಕ್ ಹಂಚಿದೆ" ಎಂದು ಯಾರೋ ಚುಚ್ಚಿದರು. ಕೆಲವರು ನಕ್ಕರು.

ಗಿರಿಜಕ್ಕ ತಡವಾಗಿ ಬಂದರು. ಬಟ್ಟೆ ಹೊದಿಸಿದ ಎರಿಯೊಂದನ್ನು ಮೇಜಿನ ಮೇಲಿಟ್ಟು, ಸೀರೆಯ ಪಿನ್ನಿನಿಂದ ಒಂದು ಮರಿ ಎತ್ತಿದರು. ಅದು ನೀರಿನ ಹನಿಯಂತೆ ಜೋತುಬಿತ್ತು.

"ಇದ್ ನನ್ನ ಪೆಟ್ಟಿಗಿದ್. ಶಂಕರ ಬಪ್ಪುಕ್ ಮುಂಚೆ, ಚಳಿಗಾಲ್ದಗೇ, ನಾಲ್ಕೈದ್ ಮರಿ ಹೀಂಗೇ ಸತ್ತಿತ್ತ್. ಥಂಡಿಗೆ ಅಂದ್ಕಂಡೆ. ಆಮೇಲೂ ಎರಿ ಕೊಟ್ಟೆ. ನಿಮ್ಗೆಲ್ಲ ಸೀಕ್ ಹಂಚಿದ್ದ್ ನಾನೇ."

ಚಹಾದ ಲೋಟಗಳು ಬಾಯಿಯ ಬಳಿಯೇ ನಿಂತವು. ಶಂಕರಣ್ಣನನ್ನು ತೆಗೆಯುವ ಮಾತು ಅಲ್ಲಿಗೇ ಬಿತ್ತು.

ಆ ಸಂಜೆ, ಹುಳಗಳೆಲ್ಲ ಒಳಸೇರಿದ ಮೇಲೆ, ಗಿರಿಜಕ್ಕ ತಮ್ಮ ಪೆಟ್ಟಿಗೆಗಳ ಬಾಗಿಲಿಗೆ ಮಣ್ಣು ಮೆತ್ತಿ ಒಂದೊಂದನ್ನೇ ಹೊತ್ತು ಸುಡಲು ಹಿತ್ತಲ ಹೊಂಡಕ್ಕೆ ತಂದರು. ಯಾರನ್ನೂ ಮುಟ್ಟಗೊಡಲಿಲ್ಲ. ನಾನು ದಂಗಾಗಿ ನಿಂತದ್ದು ಬೆಂಕಿಗಲ್ಲ. ಬೆಂಕಿಗೆ ಇಡುವ ಮೊದಲು ಪ್ರತಿ ಪೆಟ್ಟಿಗೆಯನ್ನೂ ಗೆಣ್ಣಿನಿಂದ ತಟ್ಟಿ, ಕಿವಿಯಾನಿಸಿ, ಸದ್ದು ಅಡಗುವವರೆಗೂ ಕಾದರು. ಕೊನೆಗೆ ನನ್ನ ಎರಡನ್ನು ನಾನೇ ಹೊತ್ತು ತಂದು ಕೊಟ್ಟೆ. ತಟ್ಟಲು ನನ್ನಿಂದಾಗಲಿಲ್ಲ. ದಿನ ತಪ್ಪದೆ ದಿನಚರಿ ಬರೆಯುವ ನಾನು ಅಂದು ಬರೆದದ್ದು ಲೆಕ್ಕ ಮಾತ್ರ: ಅವರದು ಹನ್ನೊಂದು, ನನ್ನದು ಎರಡು.

ಮಳೆ ಮುಗಿದ ಮೇಲೆ ಶಂಕರಣ್ಣ ಗಿರಿಜಕ್ಕನಿಗೆಂದು ಹುಳವಿರುವ ಒಂದು ಪೆಟ್ಟಿಗೆ ತಂದರು. ಗಿರಿಜಕ್ಕ ಅದನ್ನು ಮನೆಗೆ ಸೇರಿಸಲಿಲ್ಲ.

"ನಮ್ ಪೆಟ್ಟಿಗಿ ಸೀಕ್ ನಮ್ ಕಣ್ಣಿಗ್ ಕಾಂತಿಲ್ಲೆ ಹೆಣೆ. ನಿನ್ನ ಅಂಗಳದಗ್ ಇರ್ಲಿ, ನೀ ಕಾಣ್. ಎರಡ್ ಸರ್ತಿ ಮರಿ ಎದ್ದ್ ಬಂದ್ ಮೇಲೆ ನಂಗ್ ಕೊಡ್."

ದಿನವೂ ಗದ್ದೆ ದಾಟಿ ಬಂದು ದೂರದಿಂದಲೇ ನೋಡಿ ಹೋಗುತ್ತಿದ್ದರು. ಎರಡನೆಯ ಸಲದ ಮರಿಗಳೂ ಗಟ್ಟಿಯಾಗಿ ಹೊರಬಂದಾಗ, ನಾಳೆ ಸಂಜೆ ಒಯ್ಯಬಹುದೆಂದು ಹೇಳಿದೆ. ಅವರು ತಲೆಯಾಡಿಸಿ ಹೋದರು. ಬೆಳಗಾಗುವಷ್ಟರಲ್ಲಿ ಎದೆನೋವು. ಆಸ್ಪತ್ರೆಗೆ ಹೊರಟ ಕಾರು ಕುಂದಾಪುರ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸಂಜೆ, ದಹನ ಮುಗಿದ ಮೇಲೆ, ಶಂಕರಣ್ಣ ನಮ್ಮ ಅಂಗಳದಲ್ಲಿ ನಿಂತಿದ್ದರು. "ಅವ್ರ್ ಪೆಟ್ಟಿಗಿ ಕೊಂಡ್ಹೋಪ್ ದಿನ ಇವತ್ತೇ ಅಲ್ದಾ?" ಎಂದರು. ಇಬ್ಬರೂ ಪೆಟ್ಟಿಗೆಯನ್ನು ಗದ್ದೆ ದಾಟಿಸಿ, ಗಿರಿಜಕ್ಕನ ಖಾಲಿ ಸ್ಟ್ಯಾಂಡೊಂದರ ಮೇಲಿಟ್ಟೆವು. ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ಅವರಿಟ್ಟಿದ್ದ ತೆಂಗಿನ ಗೆರಟೆಗಳು ಒಣಗಿದ್ದವು. ಶಂಕರಣ್ಣ ಬಾವಿಯಿಂದ ನೀರು ತಂದು ನಾಲ್ಕಕ್ಕೂ ತುಂಬಿದರು. ಮುಚ್ಚಳ ತೆಗೆದು ನೋಡಬೇಕಿತ್ತು. ಮೊದಲು ತಟ್ಟುವವರು ಯಾರೆಂದು ತಿಳಿಯದೆ ಇಬ್ಬರೂ ನಿಂತೆವು.