ಫಿನಾಯಿಲ್ ಅಕ್ಕನ ಚೊಕ್ಕಟ ಕಂಪ್ಯೂಟರು

ಆಸ್ಪತ್ರೆಯ ವಾರ್ಡುಗಳನ್ನು ತೊಳೆಯುವವರಿಗೆ, ಹಾಸಿಗೆ ಬದಲಿಸುವವರಿಗೆಲ್ಲ ಮೇಲ್ವಿಚಾರಕಿಯಾಗಿದ್ದ ಅವಳನ್ನು ಬೀದಿಯವರು ಫಿನಾಯಿಲ್ ಅಕ್ಕ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗಿತ್ತು? ಅವಳ ಮನೆಗೆ ಬಂದವರು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟರೆ ಸಾಲದು, ಜೋಡಿಸಿ ಗೋಡೆಗೆ ಮುಖ ಮಾಡಿ ಇಡಬೇಕಿತ್ತು. ಲೋಟ ಕೆಳಗಿಟ್ಟು ಕೈ ತೆಗೆಯುವಷ್ಟರಲ್ಲಿ ಅದು ಸಿಂಕು ಸೇರಿರುತ್ತಿತ್ತು. ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡ ಪೇಪರಿನ ಒಂದು ಹಾಳೆಯನ್ನು ಪಕ್ಕಕ್ಕಿಟ್ಟು ಆಕಳಿಸಿದರೆ ಸಾಕು, ಆ ಹಾಳೆ ರದ್ದಿಗೆ ಹೋಗಿರುತ್ತಿತ್ತು. ಪಾಪ, ಆತ ಜಗತ್ತಿನ ಎಷ್ಟೋ ಸುದ್ದಿಗಳನ್ನು ಅರ್ಧಕ್ಕೇ ತಿಳಿದುಕೊಂಡು ಬದುಕುತ್ತಿದ್ದ.

ಇಂಥ ಅಕ್ಕನಿಗೆ ಸ್ಕೂಟರ್ ಓಡಿಸುವ ಹುಚ್ಚು ಹತ್ತಿತು. ಮದುವೆಯಾದಾಗಿನಿಂದ ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಗಂಡ ಸ್ಕೂಟರ್ ತಂದು ಆಸ್ಪತ್ರೆ ಗೇಟಿನಲ್ಲಿ ನಿಲ್ಲುತ್ತಿದ್ದ. ಅದೇನೋ ಸರಿ. ಆದರೆ ಆತ ಓಡಿಸುವ ವೇಗಕ್ಕೆ ಪಕ್ಕದಲ್ಲಿ ನಡೆದು ಹೋಗುವವರು ಕುಶಲ ವಿಚಾರಿಸಿಕೊಂಡೇ ಜೊತೆಗೆ ಬರಬಹುದಿತ್ತು. ಹಿಂದಿನ ಸೀಟಿನಲ್ಲಿ ಕೂತು ಕೂತು ಅವಳಿಗೆ ಸಾಕುಸಾಕಾಗಿತ್ತು.

"ಒಂದ್ಸಲ ನನ್ನ ಕೈಗೆ ಕೊಟ್ಟು ನೋಡ್ರೀ" ಎಂದು ಕೇಳಿದ್ದಕ್ಕೆ ಆತ, "ಮೊದ್ಲು ಲೈಸೆನ್ಸ್ ತಗೋ, ಆಮೇಲೆ ಮಾತಾಡು" ಎಂದು ನಕ್ಕುಬಿಟ್ಟ. ಆ ನಗು ಅವಳಿಗೆ ಚುಚ್ಚಿತು.

ಕಲಿಕೆ ಲೈಸೆನ್ಸಿನ ಪರೀಕ್ಷೆಯನ್ನು ಮನೆಯ ಕಂಪ್ಯೂಟರಿನಲ್ಲೇ ಬರೆಯಬಹುದಿತ್ತು. ನಿಯಮಗಳೆಲ್ಲ ಅಕ್ಕನಿಗೆ ಬಾಯಿಪಾಠ. ಆದರೆ ಒಂದೊಂದು ಪ್ರಶ್ನೆಗೆ ಸಿಗುತ್ತಿದ್ದುದು ಅರ್ಧ ನಿಮಿಷ. ಪರದೆಯ ನಡುವೆ ಚಕ್ರವೊಂದು ಗರಗರ ತಿರುಗಿ, ಪ್ರಶ್ನೆ ಮುಖ ತೋರಿಸುವ ಹೊತ್ತಿಗೆ ಸಮಯ ಮುಗಿದಿರುತ್ತಿತ್ತು. ಎರಡು ಸಲ ಫೇಲು. ಮೂರನೆಯ ಸಲವೂ ಹೋದರೆ ತಿಂಗಳುಗಟ್ಟಲೆ ಅರ್ಜಿಯನ್ನೇ ಹಾಕುವಂತಿಲ್ಲ. ಗಂಡ ಇದನ್ನು ಅಂಗಡಿಗೆ ಬಂದವರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳಿದ. ಕನ್ನಡಕ ಹಾಕಿಸಿಕೊಂಡವರೆಲ್ಲ ಅವಳನ್ನು ಚೆನ್ನಾಗಿಯೇ ನೋಡತೊಡಗಿದರು.

ಅಕ್ಕ ತನಗೆ ತಿಳಿದ ಚಿಕಿತ್ಸೆಯನ್ನೆಲ್ಲ ಮಾಡಿದಳು. ಪರದೆ ಒರೆಸಿದಳು, ಕೀಬೋರ್ಡಿನ ಸಂದುಗಳನ್ನು ಬ್ರಷ್ಷಿನಿಂದ ಉಜ್ಜಿದಳು, ವೈಫೈ ಡಬ್ಬಿಯ ಧೂಳು ಹೊಡೆದಳು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ, "ಆಫ್ ಮಾಡಿ ಆನ್ ಮಾಡಿ ಮೇಡಂ" ಎಂದರು. ಅದೂ ಆಯಿತು. ಚಕ್ರ ಮಾತ್ರ ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಕೊನೆಗೆ ಪರೀಕ್ಷೆಯ ದಿನ ಬೆಳಿಗ್ಗೆ ಮನಸ್ಸು ಕಲ್ಲು ಮಾಡಿಕೊಂಡು ನಾದಿನಿಗೆ ಹೇಳಿಕಳಿಸಿದಳು.

ಗಂಡನ ತಂಗಿಯಾದ ಈ ನಾದಿನಿ ಒಂದು ಆಫೀಸಿನಲ್ಲಿ ಕೂತು ಜನರ ಕಂಪ್ಯೂಟರ್ ದೂರುಗಳಿಗೆ ಫೋನಿನಲ್ಲಿ ಪರಿಹಾರ ಹೇಳುವವಳು. ಕೆಲಸ ಗೊತ್ತಿತ್ತು, ಒಪ್ಪಿಕೊಳ್ಳೋಣ. ಮನೆ ಮಾತ್ರ ಸಂತೆ. ಮಂಚದ ಮೇಲೆ ಬಟ್ಟೆಗಳ ಗುಡ್ಡೆ, ರಾತ್ರಿ ಅದನ್ನು ಒಂದು ಬದಿಗೆ ತಳ್ಳಿ ಮಲಗುತ್ತಿದ್ದಳು. ಅಕ್ಕ ಆ ಮನೆಯಲ್ಲಿ ನೀರು ಕುಡಿಯಲೂ ಹಿಂದೆ ಮುಂದೆ ನೋಡುತ್ತಿದ್ದಳು. ಆದರೆ ಆ ಸಂತೆಯೊಳಗಿನ ಕಂಪ್ಯೂಟರ್ ಕುದುರೆಯ ಹಾಗೆ ಓಡುತ್ತಿತ್ತು. ಅಕ್ಕನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ.

ನಾದಿನಿ ಬಿಸ್ಕತ್ತು ಕಡಿಯುತ್ತಲೇ ಬಂದು ಕೂತಳು. ಕೀಬೋರ್ಡಿನ ಪಕ್ಕ ಪುಡಿ ಉದುರಿತು. ಅಕ್ಕ ಅದನ್ನು ಅಂಗೈಗೆ ಬಳಿದುಕೊಂಡಳು.

"ಅತ್ತಿಗೆ, ದಿನಾ ಹೆಂಗೆ ಬಳಸ್ತೀರೋ ಹಂಗೇ ಬಳಸಿ ತೋರ್ಸಿ."

ಅಕ್ಕ ಹವಾಮಾನದ ಪುಟ ತೆರೆದಳು. ಅದು ತೆವಳಿಕೊಂಡು ಬಂತು. ಓದಿದ ಕೂಡಲೇ ಪಟಪಟನೆ ಸೆಟ್ಟಿಂಗಿಗೆ ಹೋಗಿ 'ಎಲ್ಲವನ್ನೂ ಅಳಿಸು' ಒತ್ತಿದಳು. ಆಮೇಲೆ ಸುದ್ದಿಯ ಪುಟ. ಮತ್ತೆ ಅಳಿಸು.

"ಇದೇನ್ ಮಾಡ್ತಿದ್ದೀರಿ?"

"ಕ್ಲೀನ್ ಮಾಡ್ತಿದ್ದೀನಿ. ಒಬ್ಬ ರೋಗಿ ಎದ್ದು ಹೋದ್ಮೇಲೆ ಹಾಸಿಗೆ ಬಟ್ಟೆ ಬದಲಿಸ್ದೆ ಇನ್ನೊಬ್ಬನ್ನ ಮಲಗಿಸ್ತಾರೇನೇ?"

ನಾದಿನಿಯ ಬಿಸ್ಕತ್ತು ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಹೇಳಿದಳು: "ಅದು ಕೊಳೆ ಅಲ್ಲ ಅತ್ತಿಗೆ! ನೋಡಿದ ಪುಟದ ಚಿತ್ರ ಗಿತ್ರ ಎಲ್ಲಾ ಕಂಪ್ಯೂಟರ್ ಎತ್ತಿಟ್ಕೊಂಡಿರುತ್ತೆ, ಮುಂದಿನ ಸಲ ಬೇಗ ತೋರ್ಸೋಣ ಅಂತ. ನೀವು ಗುಡಿಸಿ ಹಾಕಿದ್ರೆ ಅದು ಪ್ರತಿ ಸಲ ಮೊದಲಿಂದ ಹೊತ್ಕೊಂಡು ಬರ್ಬೇಕು. ಪಲ್ಯಕ್ಕೆ ಚಿಟಿಕೆ ಉಪ್ಪು ಹಾಕಿ ಡಬ್ಬಿನೇ ಬೀದಿಗೆ ಎಸೆದ್ರೆ ಸಾರಿಗೆ ಏನ್ ಮಾಡ್ತೀರಿ?"

ಅಷ್ಟಕ್ಕೆ ಮುಗಿಯಲಿಲ್ಲ. ಪರದೆಯ ಮೂಲೆಯಲ್ಲಿ ಮೂರು ಆಂಟಿವೈರಸ್‌ಗಳು ಸಾಲಾಗಿ ಕೂತಿದ್ದವು.

"ಇವ್ರು ಮೂವರು ಯಾಕೆ?"

"ಕಾವಲಿಗೆ. ಒಬ್ಬ ತೂಕಡಿಸಿದ್ರೆ ಇನ್ನೊಬ್ಬ ಇರ್ಲಿ ಅಂತ."

"ಇವ್ರಿಗೆ ತೂಕಡಿಸೋಕೆ ಪುರುಸೊತ್ತೆಲ್ಲಿ? ಒಳಗೆ ಬರೋ ಒಂದೊಂದನ್ನೂ ಮೂವರೂ ನಿಲ್ಲಿಸಿ ತಡಕ್ತಾರೆ. ಆಮೇಲೆ ಒಬ್ಬರ ಜೇಬಿಗೆ ಒಬ್ಬರು ಕೈ ಹಾಕ್ತಾರೆ. ಒಬ್ಬನ್ನ ಇಟ್ಕೊಂಡು ಇಬ್ಬರನ್ನ ಕಳಿಸಿ."

ವಾರ್ಡಿನಲ್ಲಿ ಯಾರನ್ನೂ ಕೆಲಸದಿಂದ ತೆಗೆದವಳಲ್ಲ ಅಕ್ಕ. ಒಲ್ಲದ ಮನಸ್ಸಿನಿಂದ ಇಬ್ಬರನ್ನು ಕಳಿಸಿಕೊಟ್ಟಳು. ಕಂಪ್ಯೂಟರ್ ಆರಿಸಿ ಹಚ್ಚಿ ಸುದ್ದಿಯ ಪುಟ ತೆರೆದು, ಅಳಿಸದೆ ಮತ್ತೊಮ್ಮೆ ತೆರೆದರೆ, ಒತ್ತಿದ ಬೆರಳು ಎತ್ತುವುದರೊಳಗೆ ಬಂದು ನಿಂತಿತು! ಅಕ್ಕನಿಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಪರೀಕ್ಷೆ ಶುರುವಾಯಿತು. ಪ್ರಶ್ನೆಗಳು ಒಂದರ ಹಿಂದೊಂದು ಸರಸರ ಬಂದವು. ಒಂದೊಂದಕ್ಕೆ ಉತ್ತರ ಒತ್ತಿದಾಗಲೂ ಅಳಿಸುವುದಕ್ಕೆ ಕೈ ತುರಿಸುತ್ತಿತ್ತು. ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬಲಗೈಯ ಒಂದೇ ಬೆರಳಿನಿಂದ ಕೊನೆಯವರೆಗೂ ಹೋದಳು. ಪಾಸು! ನಾದಿನಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

ಗಂಡ ಮಾತ್ರ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಯಾಕ್ರೀ, ಖುಷಿ ಆಗ್ಲಿಲ್ವಾ?"

"ಆಯ್ತು. ಇನ್ಮೇಲೆ ಸಂಜೆ ನಾನು ಗೇಟ್ ಹತ್ರ ಬರೋದು ಬೇಡ, ಅಲ್ವಾ?" ಆತ ತಂಗಿಯ ಕಡೆ ನೋಡಿ ಸ್ವಲ್ಪ ತಡವರಿಸಿದ. "ಮನೇಲಿ ನಿನ್ನ ಕೈಗೆ ಬಿಡುವೆಲ್ಲಿ? ಗಾಡಿ ಮೇಲೆ ಇರೋವಾಗ ಮಾತ್ರ ಅದು ನನ್ನ ಹೆಗಲ ಮೇಲೆ ಸುಮ್ನೆ ಇರುತ್ತೆ. ಬೇಗ ಮನೆ ಬಂದ್ಬಿಟ್ರೆ ಅಂತ ನಿಧಾನಕ್ಕೆ ಓಡಿಸ್ತಿದ್ದೆ."

ಇಷ್ಟು ವರ್ಷ ಅಕ್ಕ ಅದೇ ನಿಧಾನಕ್ಕೆ ಆತನಿಗೆ ಮಂಗಳಾರತಿ ಮಾಡಿದ್ದಳು.

"ನಿಯಮ ಗೊತ್ತಿಲ್ವಾ ನಿಮ್ಗೆ?" ಎಂದಳು, ದನಿ ಗಟ್ಟಿ ಮಾಡಿಕೊಂಡು. "ಕಲಿಯೋರ ಹಿಂದೆ ಲೈಸೆನ್ಸ್ ಇರೋರು ಕೂರಲೇಬೇಕು. ಸಂಜೆ ಗಾಡಿ ತಗೊಂಡು ಬನ್ನಿ. ವಾಪಸ್ ನಾನು ಓಡಿಸ್ತೀನಿ, ನೀವು ನನ್ನ ಹೆಗಲು ಹಿಡ್ಕೊಳ್ಳಿ."

ಆತನ ಮುಖ ಅರಳಿತು. ಆದರೂ ಕೇಳಿದ, "ಪಕ್ಕಾ ಲೈಸೆನ್ಸ್ ಯಾವಾಗ ತಗೋತೀಯ?"

"ಅವಸರ ಏನ್ರೀ? ನಿಧಾನಕ್ಕೆ ತಗೊಂಡ್ರಾಯ್ತು" ಎಂದಳು ಫಿನಾಯಿಲ್ ಅಕ್ಕ.