ಹೊರಗಿನ ಚಿಲಕ

ಅವಳು ಬೀಗ ರಿಪೇರಿ ಮಾಡುವವಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಚಿಕ್ಕಪ್ಪ, ಮಾತುಮಾತಿಗೂ ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದ. ಹನ್ನೆರಡನೇ ವಯಸ್ಸಿಗೆ ಅಲ್ಲಿಂದ ತಪ್ಪಿಸಿಕೊಂಡಿದ್ದಳು. ಈ ಸಂಗತಿ ಗೊತ್ತಿದ್ದದ್ದು ಪಕ್ಕದಂಗಡಿಯ ಬಡಗಿಗೆ ಮಾತ್ರ. ಇನ್ನೊಬ್ಬರ ಮನೆ ಸೇರಲು ಹೆದರುತ್ತಿದ್ದ ಅವಳು ಮದುವೆಗೆ ಹೂಂ ಅನ್ನಲಿ ಎಂದು ಅವನು ಮೂರು ವರ್ಷದಿಂದ ಕಾಯುತ್ತಿದ್ದ.

ಒಂದು ಮಧ್ಯಾಹ್ನ ಮುದುಕನೊಬ್ಬ ಬಂದ.

"ಕೋಣೆಗೆ ಹೊರಗಡೆಯಿಂದ ಚಿಲಕ ಹಾಕ್ಬೇಕಮ್ಮಾ. ಇರೋದು ಸಡಿಲ ಆಗಿದೆ."

ಆ ದನಿ ಕೇಳಿ ಅವಳು ತಟ್ಟನೆ ತಲೆಯೆತ್ತಿದಳು. ಅದೇ ಚಿಕ್ಕಪ್ಪ. ಅವನಿಗೆ ಅವಳ ಗುರುತು ಹತ್ತಲಿಲ್ಲ.

"ಕೋಣೇಲಿ ಏನಿಡ್ತೀರಿ?"

"ಮೊಮ್ಮಗಳನ್ನ. ಬಲು ಹಟಮಾರಿ" ಎಂದು ನಕ್ಕ.

ವಿಳಾಸ ಬರೆದುಕೊಂಡು ಅವನನ್ನು ಕಳಿಸಿ, ಬಡಗಿಯ ಬಳಿ ಓಡಿ ಎಲ್ಲ ಹೇಳಿದಳು.

"ನೀನು ಬರ್ಬೇಡ, ಪೊಲೀಸರ ಜೊತೆ ನಾನೇ ಹೋಗ್ತೀನಿ" ಎಂದ ಅವನು.

"ಬಾಗಿಲು ನಾನೇ ತೆಗೀಬೇಕು."

ಪೊಲೀಸರು, ಬಡಗಿಯ ಜೊತೆ ಆ ಮನೆಗೆ ಹೋಗಿ ಅವಳು ಕೋಣೆಯ ಚಿಲಕ ತೆಗೆದಾಗ, ಮೂಲೆಯಲ್ಲಿ ಮುದುರಿಕೊಂಡಿದ್ದ ಹುಡುಗಿ, "ತಾತ ಹೋದ್ರಾ?" ಎಂದು ಪಿಸುಗುಟ್ಟಿತು. ಅವಳು ಅದನ್ನು ಎತ್ತಿಕೊಂಡು ಹೊರಬಂದಳು. ಪೊಲೀಸರ ನಡುವೆ ನಿಂತಿದ್ದ ಮುದುಕ ಅವಳನ್ನೇ ದಿಟ್ಟಿಸಿದ.

"ಓಹೋ, ನೀನಾ? ನಾನು ವಾಪಸ್ ಬರ್ತೀನಿ, ನೆನಪಿಟ್ಕೊ."

ಅವಳು ಕಣ್ಣು ತಗ್ಗಿಸಲಿಲ್ಲ. ಜೀಪು ಮರೆಯಾಗುವವರೆಗೂ ನಿಂತಿದ್ದು, ಬಡಗಿಯ ಕೈ ಹಿಡಿದು, "ಬರಲಿ ಬಿಡು, ಇನ್ನು ನಾನು ಹೆದರಲ್ಲ. ನಾವು ಮದುವೆ ಆಗೋಣ" ಎಂದಳು.